ಬರಿದಾದ ಬಾಟಲಿಯ ಮರುಪಯಣ

ಹಾಸನದಿಂದ ಬೇಲೂರಿಗೆ ಹೋಗುವ ಹಾದಿಯಿಂದ ಕವಲೊಡೆದು ಸ್ವಲ್ಪ ದೂರ ಸಾಗಿದರೆ ದೊಡ್ಡಗದ್ದವಳ್ಳಿಯನ್ನು ಸೇರುತ್ತೇವೆ. ಹೊಯ್ಸಳರ ಕಾಲದಲ್ಲಿ ಇಲ್ಲಿಯ ಲಕ್ಷ್ಮೀದೇವಿ ದೇವಾಲಯವನ್ನು ಕಟ್ಟಿಸಿದವರು ಅರಸರಲ್ಲ. ಒಬ್ಬ ವರ್ತಕ ಮತ್ತು ಅವನ ಪತ್ನಿ. ದೇವಾಲಯದ ಮಗ್ಗುಲಲ್ಲಿಯೇ ಕೆರೆ. ಇಂತಹ ಸ್ಥಳಗಳಿಗೆ ಬರುವ ಯಾತ್ರಿಕರ ಕೈಯಲ್ಲಿ ಈಗ ನೀರಿನ ಬಾಟಲಿಯನ್ನು ಕಾಣುತ್ತೇವೆ. ಬರಿದಾದ ಮೇಲೆ ಅದು ಹೋಗುವುದೆಲ್ಲಿಗೆ? ಗಿರಾಕಿಯಿಂದ ತಯಾರಕನೆಡೆಗೆ ಸರಕು ಹಿಂದಿರುಗುವ ಏರ್ಪಾಡನ್ನು ‘ಹಿಮ್ಮುಖ ಸಾಗಣೆ’ ಎಂದು ಕರೆಯೋಣ.

ಇದು ಹೊಸ ಸಂಗತಿಯೇನಲ್ಲ. ಗೋಲಿಸೋಡದ ಸೀಸೆಯನ್ನು ನಾವೆಲ್ಲ ಬಲ್ಲೆವು. ಇಂಗ್ಲೆಂಡಿನ ಹೈರಮ್ ಕಾಡ್ ಎಂಬಾತನು 1872ರಲ್ಲಿ ಅದಕ್ಕೆ ಪೇಟೆಂಟು ಪಡೆದನು. ಒಳಗಿನ ಅನಿಲದ ಒತ್ತಡವೇ ಗೋಲಿಯನ್ನು ರಬ್ಬರಿನ ಬಳೆಗೆ ಒತ್ತಿ ಸೀಸೆಯ ಬಾಯಿಯನ್ನು ಮುಚ್ಚುತ್ತದೆ. ಸೀಸೆ ಸೋಡಕ್ಕಿಂತಲೂ ಬೆಲೆಯುಳ್ಳದ್ದು. ಅದು ಮರಳಿ ಬಂದರೆ ಮಾತ್ರ ವ್ಯಾಪಾರ ನಡೆದೀತು.

ಮನೆಗಳಿಗೆ ಬರುವ 20 ಲೀಟರಿನ ನೀರಿನ ಕ್ಯಾನಿನ ಸೂತ್ರವೂ ಇದೇ. ವರ್ತಕನೊಬ್ಬನು ದಿನಕ್ಕೆ 100 ಕ್ಯಾನುಗಳನ್ನು ಮಾರುತ್ತಾನೆ, ಪ್ರತಿಯೊಂದೂ 5 ದಿನಗಳಲ್ಲಿ ಮರಳುತ್ತದೆ ಎಂದಿಟ್ಟುಕೊಳ್ಳೋಣ. ಅವನಿಗೆ 500 ಕ್ಯಾನುಗಳು ಬೇಕು. ಮರಳಲು 8 ದಿನಗಳಾದರೆ, ಮಾರಾಟ ಹೆಚ್ಚದೆಯೇ 800 ಬೇಕಾಗುತ್ತವೆ. ಪ್ರತಿ ಸುತ್ತಿನಲ್ಲಿ ನೂರಕ್ಕೆ 5 ಕಳೆದುಹೋದರೆ ಒಂದು ಕ್ಯಾನು ಸರಾಸರಿ 20 ಸುತ್ತು ಬಾಳುತ್ತದೆ. 2 ಮಾತ್ರ ಕಳೆದರೆ 50 ಸುತ್ತು. ಠೇವಣಿ ಇಡಿಸಿಕೊಳ್ಳುವುದರ ಮರ್ಮವಿದು.

ಮಾರಾಟಕ್ಕೂ ಇದರಿಂದ ಲಾಭವುಂಟು. ಬರಿಯ ಕ್ಯಾನನ್ನು ಒಯ್ಯಲು ಬಂದವನು ತುಂಬಿದ್ದನ್ನು ಇಳಿಸಿಯೇ ಹೋಗುತ್ತಾನೆ. ಠೇವಣಿ ಕೊಟ್ಟ ಗಿರಾಕಿ ಸುಲಭವಾಗಿ ಬೇರೆಯವನ ಕಡೆಗೆ ತಿರುಗುವುದಿಲ್ಲ. ಆದರೆ ಮರಳಿದ ಕ್ಯಾನನ್ನು ಚೆನ್ನಾಗಿ ತೊಳೆದು ಕ್ರಿಮಿರಹಿತವಾಗಿ ಮಾಡದಿದ್ದರೆ ಗಿರಾಕಿಯ ಆರೋಗ್ಯವೂ ವರ್ತಕನ ಹೆಸರೂ ಒಟ್ಟಿಗೆ ಕೆಡುತ್ತವೆ.

ಒಮ್ಮೆ ಬಳಸಿ ಬಿಸಾಡುವ ‘ಪೆಟ್’ ಬಾಟಲಿಯ ಕಥೆ ಬೇರೆ. ಒಂದು ಲೀಟರಿನ ಬಾಟಲಿಯ ತೂಕ 25 ಗ್ರಾಮ್ ಎಂದು ಹಿಡಿದರೆ, ಒಂದು ಘನ ಮೀಟರ್ ಜಾಗದಲ್ಲಿ ಹಿಡಿಸುವ ಬಾಟಲಿಗಳೆಲ್ಲ ಸೇರಿ 25 ಕಿಲೋಗ್ರಾಮನ್ನೂ ಮುಟ್ಟವು. ಅದೇ ಗಾತ್ರದ ಗಟ್ಟಿ ‘ಪೆಟ್’ ಸುಮಾರು 1,380 ಕಿಲೋಗ್ರಾಮ್ ತೂಗುತ್ತದೆ. ಅಂದರೆ ಲಾರಿ ಹೊರುವುದು ಬಹುಪಾಲು ಗಾಳಿಯನ್ನೇ! ಆದುದರಿಂದಲೇ ಬಾಟಲಿಗಳನ್ನು ಜಜ್ಜಿ, ಮೂಟೆ ಕಟ್ಟಿ ಸಾಗಿಸುತ್ತಾರೆ. ಕಾರ್ಖಾನೆಯಲ್ಲಿ ಅವನ್ನು ಚೂರು ಮಾಡಿ ನೀರಿಗೆ ಹಾಕಿದರೆ ‘ಪೆಟ್’ ಮುಳುಗುತ್ತದೆ, ನೀರಿಗಿಂತ ಹಗುರವಾದ ಮುಚ್ಚಳದ ಚೂರುಗಳು ತೇಲುತ್ತವೆ. ಹೀಗೆ ಬೇರ್ಪಟ್ಟ ‘ಪೆಟ್’ ಪಾಲಿಯೆಸ್ಟರ್ ನೂಲಾಗಬಲ್ಲದು.

ಬಳಸಿದ ಪ್ಲಾಸ್ಟಿಕ್ಕನ್ನು ಮರಳಿ ಸಂಗ್ರಹಿಸುವ ಹೊಣೆಯನ್ನು ಭಾರತ ಸರಕಾರದ 2016ರ ನಿಯಮಗಳು ಉತ್ಪಾದಕರ ಮೇಲೆ ಹೊರಿಸಿವೆ. ಆದರೆ ಕೆರೆಗೆ ಬಿದ್ದ ಬಾಟಲಿಯನ್ನು ಕಾಗದದ ಮೇಲಿನ ನಿಯಮ ಎತ್ತಲಾರದು. ಪಯಣದ ಮೊದಲ ಹೆಜ್ಜೆ ನಮ್ಮ ಕೈಯಲ್ಲಿದೆ. ಕರ್ನಾಟಕದ ಅನೇಕ ಗ್ರಾಮಗಳ ಶುದ್ಧ ಕುಡಿಯುವ ನೀರಿನ ಘಟಕಗಳಿಗೆ ಜನರು ತಮ್ಮ ಕ್ಯಾನನ್ನೇ ಒಯ್ದು, ನಾಣ್ಯ ಹಾಕಿ ನೀರು ತುಂಬಿಸಿಕೊಂಡು ಬರುತ್ತಾರೆ. ಅಲ್ಲಿ ಠೇವಣಿಯೂ ಬೇಡ, ಲಾರಿಯೂ ಬೇಡ. ಬರಿಯ ಪಾತ್ರೆಯ ಪಯಣ ಇದಕ್ಕಿಂತ ಅಗ್ಗವಾಗುವ ಬಗೆಯನ್ನು ನಾವು ಕಾಣೆವು.