ದವಡೆ ನೋವು: ಹಲ್ಲು ಕೀಳಿಸುವ ಮೊದಲು ಸ್ವಲ್ಪ ತಾಳಿ



ವಾರದ ಸಭೆಯಲ್ಲಿ ಕೆನ್ನೆಗೆ ಕೈ ಕೊಟ್ಟು ಸುಮ್ಮನೆ ಕೂತಿರುವ ಸದಸ್ಯೆಯನ್ನು ನೀವೂ ನೋಡಿರಬಹುದು. ಕೇಳಿದರೆ "ಹಲ್ಲುನೋವು ಅಂತ ಕಾಣ್ತದೆ" ಅಂತಾಳೆ. ಸಂಘದಲ್ಲಿ ಸಾಲ ತೆಗೆದು ಹಲ್ಲು ಕೀಳಿಸಿಕೊಂಡು ಬರ್ತಾಳೆ. ತಿಂಗಳು ಕಳೆದರೂ ನೋವು ಅಲ್ಲೇ ಇರ್ತದೆ. ಆಮೇಲೆ ಕಿವಿಗೆ ಔಷಧಿ, ತಲೆಗೆ ಮಾತ್ರೆ. ಕೊನೆಗೆ ಮನೆಯವರೇ "ಇವಳದ್ದು ದಿನಾ ಇದೇ ನಾಟಕ" ಅಂದುಬಿಡ್ತಾರೆ.

ಇದು ನಾಟಕವಲ್ಲ. ಇಂತಹ ನೋವು ಕೆಲವೊಮ್ಮೆ ಹಲ್ಲಿನದ್ದೂ ಅಲ್ಲ, ಕಿವಿಯದ್ದೂ ಅಲ್ಲ. ಅದು ದವಡೆಯ ಕೀಲು ಮತ್ತು ಅದನ್ನು ಆಡಿಸುವ ಸ್ನಾಯುಗಳ ನೋವು.

ದವಡೆಯ ಕೀಲು ಎಲ್ಲಿದೆ?

ಎರಡೂ ಕಿವಿಗಳ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ. ಬೆರಳಿನ ಕೆಳಗೆ ಆಡುವುದೇ ಆ ಕೀಲು. ಮೂಳೆಗೆ ಮೂಳೆ ಉಜ್ಜದ ಹಾಗೆ ನಡುವೆ ಒಂದು ತೆಳುವಾದ ಬಿಲ್ಲೆ ಇದೆ. ಬಿಲ್ಲೆ ಜರುಗಿದರೆ 'ಟಕ್' ಎಂದು ಶಬ್ದ ಬರುತ್ತದೆ, ಕೆಲವೊಮ್ಮೆ ಬಾಯಿ ಸಿಕ್ಕಿಕೊಳ್ಳುತ್ತದೆ. ಸ್ನಾಯು ಬಿಗಿದರೆ ಕೆನ್ನೆ, ಕಣತಲೆ, ಕಿವಿ, ಕುತ್ತಿಗೆಯವರೆಗೂ ನೋವು ಹರಡುತ್ತದೆ. ವೈದ್ಯರು ಇದನ್ನು 'ಟಿ.ಎಂ.ಡಿ.' ಎನ್ನುತ್ತಾರೆ. ಮೂರು ತಿಂಗಳಿಗಿಂತ ಹೆಚ್ಚು ಕಾಲ ಇದ್ದರೆ ಅದು ದೀರ್ಘಕಾಲದ ನೋವು. ಗಂಡಸರಿಗಿಂತ ಹೆಂಗಸರಲ್ಲೇ ಇದು ಹೆಚ್ಚು. ನೋವಿಲ್ಲದೆ ಬರೀ ಶಬ್ದ ಬಂದರೆ ಹೆದರಬೇಕಾಗಿಲ್ಲ.

ಯಾಕೆ ಬರುತ್ತದೆ?

ಇಂತಹದ್ದೇ ಕಾರಣ ಎಂದು ಒಂದನ್ನೇ ಬೆರಳು ಮಾಡಿ ತೋರಿಸಲು ಆಗುವುದಿಲ್ಲ. ದವಡೆಗೆ ಬಿದ್ದ ಪೆಟ್ಟು, ನಿದ್ದೆಯಲ್ಲಿ ಹಲ್ಲು ಕಡಿಯುವುದು, ನಿದ್ದೆಗೇಡು, ಮನಸ್ಸಿನ ಚಿಂತೆ ಇವೆಲ್ಲ ಸೇರುತ್ತವೆ. ಕುಯ್ಲಿನ ಸಮಯದಲ್ಲಿ ಕಾಫಿ ಮೂಟೆ ಎತ್ತುವಾಗ ನಾವು ಗೊತ್ತಿಲ್ಲದೇ ಹಲ್ಲು ಕಚ್ಚಿ ಹಿಡಿಯುತ್ತೇವೆ. ಮಳೆಗಾಲದ ಚಳಿಗೆ ಬೆಳಿಗ್ಗೆಯಿಂದ ಸಂಜೆವರೆಗೆ ಎಲೆ-ಅಡಿಕೆ ಅಗಿಯುತ್ತೇವೆ. ದವಡೆಗೆ ಬಿಡುವೇ ಇರುವುದಿಲ್ಲ.

ಮನೆಯಲ್ಲೇ ಏನು ಮಾಡಬಹುದು?

1. ಈ ಒಂದು ಮಾತು ನೆನಪಿಡಿ: ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ. ಊಟದ ಹೊತ್ತು ಬಿಟ್ಟರೆ ಮೇಲಿನ ಹಲ್ಲಿಗೆ ಕೆಳಗಿನ ಹಲ್ಲು ತಾಗಬಾರದು.

2. ನೋವು ಹೆಚ್ಚಿರುವ ದಿನಗಳಲ್ಲಿ ಗಂಜಿ, ಮೆತ್ತಗಿನ ಅನ್ನ, ಕಡುಬನ್ನು ಸಾರಿನಲ್ಲಿ ನೆನೆಸಿ ತಿನ್ನಿ. ಚಕ್ಕುಲಿ, ಹುರಿಗಡಲೆ, ಕಬ್ಬು ಬೇಡ.

3. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು 10-15 ನಿಮಿಷ ಕೆನ್ನೆಗೆ ಇಡಿ. ಚರ್ಮ ಸುಡದಂತೆ ನೋಡಿಕೊಳ್ಳಿ.

4. ಆಕಳಿಕೆ ಬಂದಾಗ ಗಲ್ಲದ ಕೆಳಗೆ ಕೈ ಕೊಟ್ಟು ಬಾಯಿ ಅತಿಯಾಗಿ ತೆರೆಯದಂತೆ ತಡೆಯಿರಿ.

5. ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಬೇಡಿ. ಹೊಟ್ಟೆ, ಮೂತ್ರಪಿಂಡ ಎರಡಕ್ಕೂ ಹಾನಿ.

ಡಾಕ್ಟರು ಏನು ಮಾಡ್ತಾರೆ?

ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಿ. ಹುಳುಕು, ಕೀವು ಇಲ್ಲ ಎಂದಾದರೆ ಕೀಲನ್ನು ಪರೀಕ್ಷಿಸುತ್ತಾರೆ. ಅಗತ್ಯ ಬಿದ್ದರೆ ಮಂಗಳೂರಿನಂತಹ ಊರಿನ ದಂತ ವೈದ್ಯಕೀಯ ಕಾಲೇಜಿಗೆ ಕಳಿಸಬಹುದು. 2023ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಈ ದೀರ್ಘಕಾಲದ ನೋವಿನ ಬಗ್ಗೆ ವೈದ್ಯರಿಗೆ ಮಾರ್ಗಸೂಚಿ ಪ್ರಕಟವಾಯಿತು. ದವಡೆಯ ವ್ಯಾಯಾಮ, ಕೈಯಿಂದ ಮಾಡುವ ಚಿಕಿತ್ಸೆ, ನೋವನ್ನು ನಿಭಾಯಿಸಲು ಕಲಿಸುವ ಆಪ್ತಸಮಾಲೋಚನೆ ಇವುಗಳಿಗೆ ಅದು ಮೊದಲ ಸ್ಥಾನ ಕೊಟ್ಟಿದೆ. ಶಸ್ತ್ರಚಿಕಿತ್ಸೆ ಬೇಕಾಗುವುದು ಅಪರೂಪ. ಅನೇಕರಿಗೆ ಸರಳ ಆರೈಕೆಯಲ್ಲೇ ನೋವು ತಗ್ಗುತ್ತದೆ. ಕೆಲವರಿಗೆ ಹೋಗಿ ಬಂದು ಮಾಡುತ್ತದೆ. ಅವರು ನೋವು ಹೆಚ್ಚಾದ ದಿನ ಏನು ತಿಂದೆ, ಏನು ಎತ್ತಿದೆ, ನಿದ್ದೆ ಬಂತಾ ಎಂದು ಬರೆದಿಟ್ಟರೆ ಡಾಕ್ಟರಿಗೂ ಅನುಕೂಲ.

ಅಡಿಕೆಯ ವಿಷಯ ಬೇರೆಯೇ ಇದೆ

ನಿಮ್ಮ ಮೂರು ಬೆರಳನ್ನು ಒಂದರ ಮೇಲೊಂದು ಬರುವಂತೆ ಸೇರಿಸಿ ಬಾಯಿಗೆ ಇಟ್ಟು ನೋಡಿ. ಮೂರೂ ಹಿಡಿಸಬೇಕು. ಬಾಯಿ ದಿನೇ ದಿನೇ ಚಿಕ್ಕದಾಗುತ್ತಿದ್ದರೆ, ಖಾರ ತಾಗಿದರೆ ಉರಿಯುತ್ತಿದ್ದರೆ, ಕೆನ್ನೆಯ ಒಳಭಾಗ ಬಿಳಿಚಿ ಗಟ್ಟಿಯಾಗಿದ್ದರೆ ಅದು ಕೀಲಿನ ನೋವಲ್ಲ. ಅಡಿಕೆಯಿಂದ ಬರುವ ಕಾಯಿಲೆ ಇರಬಹುದು. ಅದು ಮುಂದೆ ಕ್ಯಾನ್ಸರ್ ಆಗುವ ಸಂಭವವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ಹೇಳಿದೆ. ಅಡಿಕೆ ಬೆಳೆಯುವ ನಾಡಿನಲ್ಲಿ ಇದನ್ನು ಹೇಳುವುದು ಕಷ್ಟ, ಆದರೆ ಹೇಳದೇ ಇರುವಂತಿಲ್ಲ. ಅಗಿಯುವುದನ್ನು ಅಂದೇ ಬಿಟ್ಟು ಡಾಕ್ಟರಿಗೆ ಬಾಯಿ ತೋರಿಸಿ.

ತಡ ಮಾಡಬಾರದ ಲಕ್ಷಣಗಳು

ಎದೆನೋವು, ಬೆವರು, ಏದುಸಿರಿನ ಜೊತೆ ದವಡೆ ನೋವು ಬಂದರೆ ಅದು ಹೃದಯಾಘಾತ ಇರಬಹುದು. ಕೂಡಲೇ 108ಕ್ಕೆ ಫೋನ್ ಮಾಡಿ. ಕತ್ತಿ, ಮುಳ್ಳು ತಾಗಿ ಗಾಯವಾದ ಕೆಲವು ದಿನಗಳಲ್ಲಿ ದವಡೆ ಬಿಗಿದರೆ ಧನುರ್ವಾಯು ಇರಬಹುದು. ಜ್ವರದ ಜೊತೆ ಮುಖ ಊದಿದರೆ, ತೆರೆದ ಬಾಯಿ ಮುಚ್ಚಲು ಬಾರದಿದ್ದರೆ ಆಗಲೂ ಕಾಯಬೇಡಿ.

ಸಂಘದವರು ಏನು ಮಾಡಬಹುದು?

ಹಲ್ಲು ಕೀಳಿಸಲು ಸಾಲ ಕೇಳಿದ ಸದಸ್ಯೆಗೆ ಒಂದು ಮಾತು ಕೇಳಿ: "ಯಾವ ಹಲ್ಲು ಹಾಳಾಗಿದೆ ಅಂತ ಡಾಕ್ಟರು ನೋಡಿ ಹೇಳಿದ್ದಾರಾ ಅಕ್ಕಾ?" ಹೇಳಿಲ್ಲವಾದರೆ ಮೊದಲು ಪರೀಕ್ಷೆಗೆ ಕಳಿಸಿ, ಆಗದಿದ್ದರೆ ಒಬ್ಬರು ಜೊತೆಗೆ ಹೋಗಿ. ನೋವಿರುವ ದಿನ ಅವಳ ಮೂಟೆಗೆ ಇನ್ನೊಬ್ಬರು ಕೈ ಕೊಡಿ.

ಎಲ್ಲಕ್ಕಿಂತ ಮೊದಲು ಅವಳ ಮಾತನ್ನು ನಂಬಿ. ಈ ನೋವಿಗೆ ಊತವಿಲ್ಲ, ಗಾಯವಿಲ್ಲ, ಹೊರಗೆ ಏನೂ ಕಾಣುವುದಿಲ್ಲ. "ನನಗೆ ನೋವಾಗ್ತಿದೆ" ಅನ್ನುವ ಅವಳ ಮಾತೇ ಅದರ ಗುರುತು. ಕಿತ್ತ ಹಲ್ಲು ಮತ್ತೆ ಬರುವುದಿಲ್ಲ, ಸಹೋದರಿಯರೇ. ಸ್ವಲ್ಪ ತಾಳಿ, ಕೇಳಿ ತಿಳಿದು ಮುಂದುವರಿಯಿರಿ.