ನಿಮಗಿದು ಗೊತ್ತೇ? ಇವರು ಅರ್ಥಶಾಸ್ತ್ರಿಗಳಾಗಿದ್ದು ಹೀಗೆ!

ಲಾಭ-ನಷ್ಟ ತೂಗಿ ಆಯ್ಕೆ ಮಾಡುವ ಬಗೆಯನ್ನು ಲೋಕಕ್ಕೆಲ್ಲ ವಿವರಿಸಿದವರು ಇವರು. ಆದರೆ ತಾವು ಈ ವೃತ್ತಿಗೆ ಬಂದದ್ದು ಹಾಗೆ ಲೆಕ್ಕ ಹಾಕಿಯೇನಲ್ಲ!

● ಅರ್ಥಶಾಸ್ತ್ರದ ಮೊದಲ ನೊಬೆಲ್ (1969) ಹಂಚಿಕೊಂಡ ನಾರ್ವೆಯ ರಾಗ್ನರ್ ಫ್ರಿಶ್ ಅಕ್ಕಸಾಲಿಗರ ಮನೆತನದವರು. ಬೆಳ್ಳಿ ಕೆಲಸ ಕಲಿಯುತ್ತಿದ್ದ ಮಗ ಒಂದು ಡಿಗ್ರಿಯನ್ನೂ ಮಾಡಲಿ ಎಂದು ತಾಯಿ ಹಟ ಹಿಡಿದರು. ವಿಶ್ವವಿದ್ಯಾಲಯದ ಕೈಪಿಡಿ ತಿರುವಿಹಾಕಿದಾಗ ಬೇಗ ಮುಗಿಯುವ, ಸಲೀಸಾದ ಓದೆಂದು ಕಂಡದ್ದು ಅರ್ಥಶಾಸ್ತ್ರ!

● ಯುದ್ಧ ಮುಗಿಸಿ 1945ರಲ್ಲಿ ಮರಳಿದ ರಾಬರ್ಟ್ ಸೋಲೊಗೆ ಮುಂದೇನು ಓದಬೇಕೆಂದು ಗೊತ್ತಿರಲಿಲ್ಲ. ಅರ್ಥಶಾಸ್ತ್ರ ಓದುತ್ತಿದ್ದ ಮಡದಿ ಬಾರ್ಬರಾರನ್ನು ಕೇಳಿದರು. ಚೆನ್ನಾಗಿದೆ ಎಂದರು ಆಕೆ. ಅಷ್ಟೇ ಸಾಕಾಯಿತು. 1987ರಲ್ಲಿ ನೊಬೆಲ್ ಬಂತು.

● ಸೇಂಟ್ ಲೂಸಿಯಾ ದ್ವೀಪದ ಆರ್ಥರ್ ಲೂಯಿಸ್‌ಗೆ ಎಂಜಿನಿಯರ್ ಆಗುವಾಸೆ. ಆದರೆ ಕಪ್ಪುವರ್ಣದ ಎಂಜಿನಿಯರ್‌ಗೆ ವಸಾಹತು ಸರ್ಕಾರವೂ ಕೆಲಸ ಕೊಡುತ್ತಿರಲಿಲ್ಲ, ಕಬ್ಬಿನ ತೋಟದ ಬಿಳಿಯ ಮಾಲೀಕರೂ ಕೊಡುತ್ತಿರಲಿಲ್ಲ. ವಿದ್ಯಾರ್ಥಿವೇತನ ಹಿಡಿದು ಲಂಡನ್ನಿಗೆ ವಾಣಿಜ್ಯ ಓದಲು ಹೋದರು. ಅರ್ಥಶಾಸ್ತ್ರವೆಂದರೇನು ಎಂಬುದೇ ಆಗ ಅವರಿಗೆ ತಿಳಿದಿರಲಿಲ್ಲ. 1979ರಲ್ಲಿ ಅದೇ ವಿಷಯಕ್ಕೆ ನೊಬೆಲ್ ಪಡೆದರು.

● ರೊನಾಲ್ಡ್ ಕೋಸ್‌ಗೆ ಇಷ್ಟವಿದ್ದದ್ದು ಇತಿಹಾಸ. ಲ್ಯಾಟಿನ್ ಬಾರದ್ದರಿಂದ ಅದು ಕೈತಪ್ಪಿತು. ರಸಾಯನಶಾಸ್ತ್ರಕ್ಕೆ ಹೋದರೆ ಗಣಿತ ರುಚಿಸಲಿಲ್ಲ. ಉಳಿದದ್ದು ವಾಣಿಜ್ಯ. 1991ರ ನೊಬೆಲ್ ಇವರದು.

● ಗಣಿತದ ತಳಹದಿ ಸಾಲದೆಂದು ಎಲಿನರ್ ಆಸ್ಟ್ರಮ್‌ಗೆ ಅರ್ಥಶಾಸ್ತ್ರದ ಪಿಎಚ್‌.ಡಿ.ಗೆ ಪ್ರವೇಶ ಸಿಗಲಿಲ್ಲ. ರಾಜ್ಯಶಾಸ್ತ್ರ ಹಿಡಿದ ಅವರೇ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ!

● ಸೂಕ್ಷ್ಮಾಣುಗಳ ಬೆನ್ನು ಹತ್ತಿ ಕಾರ್ನೆಲ್ ವಿಶ್ವವಿದ್ಯಾಲಯ ಸೇರಿದ್ದ ಕ್ಲಾಡಿಯಾ ಗೋಲ್ಡಿನ್, ಆಲ್‌ಫ್ರೆಡ್ ಕಾನ್ ಅವರ ಅರ್ಥಶಾಸ್ತ್ರದ ಪಾಠ ಕೇಳಿ ದಾರಿ ಬದಲಿಸಿದರು. ನೊಬೆಲ್: 2023.

● ಪಾಲ್ ಕ್ರುಗ್‌ಮನ್‌ಗೆ ಹುಚ್ಚು ಹಿಡಿಸಿದ್ದು ಐಸಾಕ್ ಅಸಿಮೋವ್ ಅವರ ‘ಫೌಂಡೇಶನ್’ ಕಾದಂಬರಿಗಳು. ಸಮಾಜದ ಭವಿಷ್ಯವನ್ನು ಗಣಿತದಿಂದ ಲೆಕ್ಕ ಹಾಕುವ ಅವುಗಳ ನಾಯಕನಂತಾಗಬೇಕೆಂದು ಹೊರಟವರಿಗೆ ಹತ್ತಿರದ ದಾರಿಯಾಗಿ ಕಂಡದ್ದು ಅರ್ಥಶಾಸ್ತ್ರ.

● ಕೇಂಬ್ರಿಜ್‌ನ ಆಲ್‌ಫ್ರೆಡ್ ಮಾರ್ಷಲ್ ಮೂಲತಃ ಗಣಿತಜ್ಞ. ರಜೆಯಲ್ಲಿ ನಗರಗಳ ಬಡವರ ಕೇರಿಗಳಲ್ಲಿ ಸುತ್ತಿ ಜನರ ಮುಖ ನೋಡುತ್ತಿದ್ದರು. ಅಂಗಡಿಯೊಂದರಲ್ಲಿ ಕಂಡ, ಸೋತು ಸೊರಗಿದ ಮನುಷ್ಯನ ಚಿತ್ರವನ್ನು ಕೆಲವೇ ಶಿಲಿಂಗ್‌ಗೆ ಕೊಂಡು ತಮ್ಮ ಕೋಣೆಯಲ್ಲಿಟ್ಟುಕೊಂಡರು. ಆಮೇಲೆ ಪೂರ್ತಿ ಅರ್ಥಶಾಸ್ತ್ರಕ್ಕೇ ತಿರುಗಿದರು.

● 1943ರ ಬಂಗಾಳದ ಬರಗಾಲ. ಶಾಂತಿನಿಕೇತನದಲ್ಲಿ ಮನೆ ಬಾಗಿಲಿಗೆ ಬಂದ ಹಸಿದವರಿಗೆ ಸಿಗರೇಟ್ ಡಬ್ಬಿಯಲ್ಲಿ ಅಕ್ಕಿ ಅಳೆದು ಕೊಡಲು ಬಾಲಕ ಅಮರ್ತ್ಯ ಸೇನ್‌ಗೆ ತಾತನ ಅಪ್ಪಣೆಯಿತ್ತು. ಒಂದು ಕುಟುಂಬಕ್ಕೆ ಒಂದೇ ಡಬ್ಬಿ. ಸಂಸ್ಕೃತ, ಗಣಿತ, ಭೌತಶಾಸ್ತ್ರಗಳತ್ತಲೂ ಮನಸ್ಸು ಹರಿದಿದ್ದ ಸೇನ್ ಕೊನೆಗೆ ಅರ್ಥಶಾಸ್ತ್ರಕ್ಕೆ ಬಂದರು. ಆ ಬರಗಾಲದಲ್ಲಿ ಜನ ಸತ್ತದ್ದು ಧಾನ್ಯವೇ ಇರಲಿಲ್ಲವೆಂದಲ್ಲ, ಏರಿದ ಬೆಲೆಗೆ ಕೊಳ್ಳುವ ಶಕ್ತಿ ಕೂಲಿಕಾರರಿಗಿರಲಿಲ್ಲವೆಂದು 1981ರ ಪುಸ್ತಕದಲ್ಲಿ ಅಂಕಿ-ಅಂಶಗಳ ಸಮೇತ ವಾದಿಸಿದರು.