ಹಳೇ ಸಾಮಾನಿನ ಅಂಗಡಿಯ ನಾಲ್ಕು ಮಂದಿ

ಕೊಂಡ್ಲಹಳ್ಳಿಯ ಕಡೆ 'ಹಳೇ ಸಾಮಾನು' ಎಂದೊಡನೆ ನೆನಪಾಗುವವರು ಇಬ್ಬರು. ತಕ್ಕಡಿ ಹಿಡಿದು ಕಬ್ಬಿಣ, ಪೇಪರು, ಪ್ಲಾಸ್ಟಿಕ್ಕು ತೂಗುವ ಗುಜರಿಯವನು ಒಬ್ಬ. 'ಹಳೇ ಜರಿ ಸೀರೆ ಇದ್ರೆ ಕೊಡ್ರಮ್ಮೋ' ಎಂದು ಕೂಗುತ್ತ ಬರುವವನು ಇನ್ನೊಬ್ಬ. ಇದು ನೇಕಾರರ ಸೀಮೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಮೊಳಕಾಲ್ಮೂರು ರೇಷ್ಮೆ ಸೀರೆಯ ಸೀಮೆ. ಒಬ್ಬರು ಕಂಡಿಕೆ ಸುತ್ತಿ, ಇನ್ನೊಬ್ಬರು ಹಾಸು ಹೂಡಿ, ಮತ್ತೊಬ್ಬರು ಕುಣಿಮಗ್ಗದಲ್ಲಿ ಕುಳಿತು ನೇಯ್ದ ಸೀರೆ ಹಳತಾದ ಮೇಲೆ ಅಪ್ಪಟ ಜರಿಯದಾಗಿದ್ದರೆ ಅದರಲ್ಲಿ ಉಳಿಯುವ ಬೆಲೆ ಬೆಳ್ಳಿಯದು. ರೇಷ್ಮೆಯನ್ನು ಸುಟ್ಟು ಬೆಳ್ಳಿ ತೆಗೆಯುತ್ತಾರೆ. ಯಾರ ಮದುವೆಯದು, ಯಾರ ಕೈಯದು ಎಂಬುದಕ್ಕೆ ತಕ್ಕಡಿಯಲ್ಲಿ ಜಾಗವಿಲ್ಲ.

ಆದರೆ ಕರಗಿಸಿದರೆ ಏನೂ ಹುಟ್ಟದ, ಎಸೆಯಲೂ ಮನಸ್ಸು ಬಾರದ ಸಾಮಾನುಗಳು ಪ್ರತಿ ಮನೆಯಲ್ಲೂ ಇರುತ್ತವೆ. ಅಂಥವುಗಳ ನಡುವೆಯೇ ನಡೆಯುವ ಜಪಾನಿ ಕಾದಂಬರಿಯೊಂದಿದೆ. 2005ರಲ್ಲಿ ಬಂದ ಅದರ ಮೂಲ ಹೆಸರು 'ಫುರುದೋಗು ನಕಾನೊ ಶೋತೆನ್'. 'ಫುರು' ಎಂದರೆ ಹಳೆಯ, 'ದೋಗು' ಎಂದರೆ ಬಳಕೆಯ ಸಾಮಾನು, 'ಶೋತೆನ್' ಅಂಗಡಿ. ಆಲಿಸನ್ ಮಾರ್ಕಿನ್ ಪವೆಲ್ ಇದನ್ನು 'ದಿ ನಕಾನೊ ಥ್ರಿಫ್ಟ್ ಶಾಪ್' ಎಂದು ಇಂಗ್ಲಿಷಿಗೆ ತಂದಿದ್ದಾರೆ. ಬರೆದವರು ಹಿರೋಮಿ ಕವಾಕಾಮಿ. 1958ರಲ್ಲಿ ಟೋಕಿಯೊದಲ್ಲಿ ಹುಟ್ಟಿ, ಜೀವಶಾಸ್ತ್ರ ಓದಿ, ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದವರು. 1996ರಲ್ಲಿ ಅಕುತಾಗಾವಾ ಪ್ರಶಸ್ತಿ, 2001ರಲ್ಲಿ ತಾನಿಜಾಕಿ ಪ್ರಶಸ್ತಿ ಅವರಿಗೆ ಬಂದವು.

ಟೋಕಿಯೊದ ಪಶ್ಚಿಮಕ್ಕೆ, ವಿದ್ಯಾರ್ಥಿಗಳು ಹೆಚ್ಚಾಗಿರುವ ಬಡಾವಣೆಯಲ್ಲಿ ಈ ಅಂಗಡಿ. ಪುರಾತನ ಕಲಾವಸ್ತು ಮಾರುವ ಅಂಗಡಿಗೆ ಜಪಾನಿನಲ್ಲಿ ಬೇರೆಯೇ ಹೆಸರಿದೆ. ಮಾಲೀಕ ನಕಾನೊ ಅಂಥ ದೊಡ್ಡಸ್ತಿಕೆಗೆ ಹೋಗುವವನಲ್ಲ. ಯಾರಾದರೂ ತೀರಿಕೊಂಡಾಗಲೋ ಮನೆ ಬದಲಿಸಿದಾಗಲೋ ಲಾರಿ ಒಯ್ದು ಸಾಮಾನು ಹೇರಿಕೊಂಡು ಬರುವುದು, ಧೂಳು ಒರೆಸಿ ಇಡುವುದು, ಇಷ್ಟೇ ವ್ಯಾಪಾರ. (ಜಪಾನಿನಲ್ಲಿ ಇದಕ್ಕೂ ಪರವಾನಗಿ ಬೇಕು, ಕದ್ದ ಮಾಲು ಕೈ ಬದಲಾಯಿಸದಿರಲೆಂದು 1949ರಲ್ಲಿ ಕಾನೂನೇ ಬಂದಿದೆ. ನಮ್ಮ ಗುಜರಿ ಅಂಗಡಿಗಳ ಮೇಲೂ ಪೊಲೀಸರ ಕಣ್ಣು ತಪ್ಪಿದ್ದಲ್ಲವಲ್ಲ!)

ಅಂಗಡಿಯಲ್ಲಿ ನಾಲ್ವರು. ಮೂರನೆಯ ಮದುವೆಯಾಗಿಯೂ ಇನ್ನೊಂದು ಸಂಬಂಧ ಇಟ್ಟುಕೊಂಡಿರುವ ನಕಾನೊ. ಅವನು 'ಬ್ಯಾಂಕಿಗೆ ಹೋಗಿ ಬರುತ್ತೇನೆ' ಎಂದರೆ ಎಲ್ಲಿಗೆಂಬುದು ಅಂಗಡಿಯವರಿಗೆ ಗೊತ್ತು. ಅವನ ಅಕ್ಕ ಮಸಾಯೊ, ಐವತ್ತು ದಾಟಿದ ಅವಿವಾಹಿತೆ, ಕಲಾವಿದೆ. ಆಕೆ ಬಂದು ಕುಳಿತ ದಿನ ವ್ಯಾಪಾರ ಚೆನ್ನಾಗಿ ಆಗುತ್ತದೆ. ಲಾರಿಯ ಕೆಲಸಕ್ಕೆ ತಕೆಒ ಎಂಬ ಹುಡುಗ. ಶಾಲೆಯಲ್ಲಿ ಕಾಟ ಕೊಡುತ್ತಿದ್ದವನ ದೆಸೆಯಿಂದ ಬೆರಳ ತುದಿ ಕಳೆದುಕೊಂಡವನು, ಮಾತು ಕಡಿಮೆ. ಗಲ್ಲಾದಲ್ಲಿ ಹಿತೋಮಿ. ಕತೆ ಹೇಳುವವಳೂ ಇವಳೇ.

ಏನು ನಡೆಯುತ್ತದೆ ಎಂದು ಕೇಳಿದರೆ ಹೇಳುವುದು ಕಷ್ಟ. ಅಧ್ಯಾಯಗಳಿಗೆಲ್ಲ ಕವರಿನ ಅಳತೆ, ಪೇಪರ್‌ವೇಟು, ಹೊಲಿಗೆ ಯಂತ್ರ, ಬಟ್ಟಲು ಇಂಥವೇ ಹೆಸರು. ಹಳೆಯ ಪ್ರೇಯಸಿ ಕೊಟ್ಟ ಬಟ್ಟಲನ್ನು ಮನೆಯಲ್ಲಿ ಇಡಲಾರದೆ, ಮಾರಲೂ ಒಲ್ಲದೆ, 'ನಿಮ್ಮಲ್ಲೇ ಇರಲಿ' ಎಂದು ತರುತ್ತಾನೆ ಒಬ್ಬ. ಹಿತೋಮಿ ಮತ್ತು ತಕೆಒ ಹತ್ತಿರವಾಗುತ್ತಾರೆ. ಒಂದು ಸಣ್ಣ ಕಾರಣಕ್ಕೆ ಮುನಿಸಾಗುತ್ತದೆ. ಅವಳು ಅವನ ಮೊಬೈಲಿಗೆ ಮತ್ತೆ ಮತ್ತೆ ಕರೆ ಮಾಡುತ್ತಾಳೆ, ಅವನು ಎತ್ತುವುದಿಲ್ಲ. ಮರುದಿನ ಅದೇ ಅಂಗಡಿಯಲ್ಲಿ ಇಬ್ಬರೂ ಕೆಲಸ ಮಾಡಬೇಕು. ಕಾದಂಬರಿಯ ಜೀವ ಇರುವುದು ಇಲ್ಲಿ ಎಂದು ನನಗೆ ತೋರುತ್ತದೆ. ಪ್ರೇಮಿಗಳು ಮುನಿದರೆ ದೂರ ಹೋಗಬಹುದು, ನೆಂಟರು ಮುನಿದರೆ ಹಬ್ಬಕ್ಕೆ ಬಾರದಿರಬಹುದು. ಒಂದೇ ಕಡೆ ದುಡಿಯುವವರಿಗೆ ಆ ಸೌಕರ್ಯವಿಲ್ಲ. ದಿನವಿಡೀ ಜೊತೆಗಿರುತ್ತಾರೆ, ಆದರೆ ಒಬ್ಬರಿಗೊಬ್ಬರು ಏನಾಗಬೇಕು ಎಂಬುದಕ್ಕೆ ಹೆಸರಿಲ್ಲ.

ನಮ್ಮಲ್ಲಿ ಹೆಸರಿಡುವುದಕ್ಕೆ ತಡವಾಗುವುದಿಲ್ಲ. ಮಗ್ಗದ ಮನೆಯಾಗಲಿ, ಕಿರಾಣಿ ಅಂಗಡಿಯಾಗಲಿ, ಕೆಲಸಕ್ಕೆ ಸೇರಿದ ವಾರದೊಳಗೆ ಅಣ್ಣ, ಅಕ್ಕ, ಮಾವ ಹುಟ್ಟಿಕೊಳ್ಳುತ್ತಾರೆ. ಅದರಿಂದ ನಂಟು ಸಲೀಸಾಗುತ್ತದೆ, ನಿಜ. ಅಷ್ಟೇ ಬೇಗ ಅದಕ್ಕೊಂದು ಬೇಲಿಯೂ ಬೀಳುತ್ತದೆ: 'ಅಣ್ಣ' ಎಂದು ಕರೆದವನ ಬಗ್ಗೆ ಬೇರೆ ಭಾವನೆ ಹುಟ್ಟಿದರೆ ಹುಡುಗಿ ಅದನ್ನು ಯಾರ ಮುಂದೆ ಹೇಳಿಯಾಳು?

ಹೆಸರಿಲ್ಲದ ನಂಟನ್ನು ಕನ್ನಡದಲ್ಲಿ ಬರೆದವರಿಲ್ಲ ಎಂದಲ್ಲ. ಜಯಂತ ಕಾಯ್ಕಿಣಿಯವರ ಮುಂಬಯಿ ಕತೆಗಳು ಇದಕ್ಕೆ ತೀರ ಹತ್ತಿರದವು. 'ಒಪೆರಾ ಹೌಸ್' ಕತೆಯ ಇಂದ್ರನೀಲ ಹಳೇ ಸಿನಿಮಾ ಥೇಟರಿನಲ್ಲಿ ಕಸ ಗುಡಿಸುವವನು. ಪ್ರೇಕ್ಷಕರು ಸೀಟಿನಡಿ ಮರೆತು ಹೋದ ವಸ್ತುಗಳು ಅವನ ಕೈಗೆ ಬರುತ್ತವೆ. ಒಂದು ಫ್ಲಾಸ್ಕು ಅವನನ್ನು ಕಾಣದ ಯಾರದೋ ಬದುಕಿಗೆ ತಂದು ಕಟ್ಟುತ್ತದೆ. ತೇಜಸ್ವಿನಿ ನಿರಂಜನ ಅವರ ಅನುವಾದದಲ್ಲಿ ಈ ಕತೆಗಳ ಸಂಕಲನ 'ನೋ ಪ್ರೆಸೆಂಟ್ಸ್ ಪ್ಲೀಸ್' 2018ನೇ ಸಾಲಿನ ದಕ್ಷಿಣ ಏಷ್ಯಾ ಸಾಹಿತ್ಯದ ಡಿಎಸ್‌ಸಿ ಪ್ರಶಸ್ತಿ ಪಡೆಯಿತು. ಕಾಯ್ಕಿಣಿಯವರೂ ಮುಂಬಯಿಯಲ್ಲಿ ಜೀವರಸಾಯನ ವಿಜ್ಞಾನಿಯಾಗಿ ದುಡಿದವರು. ಸೂಕ್ಷ್ಮದರ್ಶಕದ ಅಭ್ಯಾಸವಿದ್ದವರಿಗೆ ಚಿಕ್ಕದು ದೊಡ್ಡದಾಗಿ ಕಾಣುವುದೇನೋ.

ವ್ಯತ್ಯಾಸವೂ ಇದೆ. ಕಾಯ್ಕಿಣಿಯವರ ಮಂದಿಗೆ ನಾಳೆಯ ಕೂಳಿನ ಚಿಂತೆ, ತಲೆಯ ಮೇಲೆ ಸೂರಿನ ಚಿಂತೆ. ಹಾಗಾಗಿ ಅಲ್ಲಿ ಅಕ್ಕರೆ ಒಮ್ಮೆಲೇ ಉಕ್ಕುತ್ತದೆ. ಕವಾಕಾಮಿ ಉಕ್ಕಲು ಬಿಡುವುದೇ ಇಲ್ಲ. ನಡುವೆ ಕೆಲವು ಪುಟ ನನಗೆ ಬೇಸರವೂ ಆಯಿತು. ಆದರೆ ಮಸಾಯೊ ಹಿತೋಮಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾತಿಗಿಳಿದಾಗಲೆಲ್ಲ ಬೇಸರ ಹೋಗುತ್ತದೆ. ವಯಸ್ಸಾದ ಹೆಂಗಸೊಬ್ಬಳು ತನ್ನ ಆಸೆಯ ಬಗ್ಗೆ ನಾಚದೆ, ಜಂಬವನ್ನೂ ಪಡದೆ ಕಿರಿಯಳೊಂದಿಗೆ ಮಾತಾಡುವ ಪುಟಗಳು ನಮ್ಮ ಕಾದಂಬರಿಗಳಲ್ಲಿ ಎಷ್ಟಿವೆ?

ಇದು ಕನ್ನಡಕ್ಕೆ ಬರುವುದಾದರೆ ಅನುವಾದಕರಿಗೆ ಇಂಗ್ಲಿಷಿಗಿಂತ ಜಪಾನಿ ಭಾಷೆಯೇ ಹೆಚ್ಚು ನೆರವಾದೀತು. ಗೌರವದ ಮೆಟ್ಟಿಲುಗಳು ಕ್ರಿಯಾಪದದಲ್ಲೇ ಕಾಣುವ ಭಾಷೆ ಅದು. ಇಂಗ್ಲಿಷಿನ ಒಂದೇ 'ಯೂ'ದಲ್ಲಿ ಅವೆಲ್ಲ ಅಳಿಸಿಹೋಗುತ್ತವೆ. ಹಿತೋಮಿ ಮಾಲೀಕನಿಗೆ 'ನೀವು' ಎನ್ನುವುದು ಸುಲಭ. ತಕೆಒನಿಗೆ? ಮೊದಲ ದಿನ 'ನೀವು' ಎಂದರೆ 'ನೀನು' ಆಗುವುದು ಯಾವ ಪುಟದಲ್ಲಿ? ಮುನಿಸಾದ ಮೇಲೆ ಮತ್ತೆ 'ನೀವು' ಬರಬೇಕೆ? ಕೊನೆಗೆ ಅಂಗಡಿ ಮುಚ್ಚುತ್ತದೆ, ಹಿತೋಮಿ ಆಫೀಸುಗಳಲ್ಲಿ ತಾತ್ಕಾಲಿಕ ಕೆಲಸ ಹಿಡಿಯುತ್ತಾಳೆ. ಕೆಲ ವರ್ಷಗಳ ನಂತರ ಇಬ್ಬರೂ ಮತ್ತೆ ಎದುರುಬದುರಾಗುತ್ತಾರೆ. ಆಗಿನ ಮೊದಲ ಮಾತಿಗಾದರೂ ಅನುವಾದಕರು ಒಂದನ್ನು ಆರಿಸಲೇಬೇಕಾಗುತ್ತದೆ.